ತೋಳದ ಬೆನ್ನು ಸಿಕ್ಕಿದ್ದು ಮೂರನೇ ಭಾನುವಾರ

ಜಿಪ್ ಕವರ್‌ನಲ್ಲಿ 20 ನಾಣ್ಯ ಬಂದವು. ನಾಣ್ಯ ಅಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಒಣಗಿದ ಮಣ್ಣಿನ ಬಿಲ್ಲೆಗಳ ಹಾಗಿದ್ದವು. ಕೆಲವು ಕಂದು, ಕೆಲವು ಹಸಿರು, ಒಂದೆರಡಕ್ಕೆ ಸಣ್ಣ ಕಲ್ಲು ಬೇರೆ ಅಂಟಿಕೊಂಡಿತ್ತು. ಸುಮಾರು 1700 ವರ್ಷ ಇಂಗ್ಲೆಂಡಿನ ಹೊಲದ ಮಣ್ಣಿನಲ್ಲಿದ್ದ ರೋಮನ್ ಕಂಚು. ಒಂದಕ್ಕೆ 2 ಪೌಂಡ್ ಲೆಕ್ಕದಲ್ಲಿ 40 ಪೌಂಡ್ ಕೊಟ್ಟಿದ್ದೆ.

ನಾನಿರುವುದು ಲೆಸ್ಟರ್‌ನಲ್ಲಿ. ಇದು ರೋಮನ್ನರು ಆಳಿದ ಹಳೆಯ ಊರು. ಅವರ ಸ್ನಾನಗೃಹದ ಒಂದು ದೊಡ್ಡ ಗೋಡೆ ಇನ್ನೂ ನಿಂತಿದೆ, ಜ್ಯೂರಿ ವಾಲ್ ಅಂತ. ಆ ಗೋಡೆ ನೋಡಿ ನೋಡಿ ಹಿಡಿದ ಹುಚ್ಚು ಇದು, ಮಣ್ಣು ಹಿಡಿದ ರೋಮನ್ ನಾಣ್ಯ ಕೊಂಡು ತೊಳೆಯುವುದು. ಇಲ್ಲಿ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರಿಗೆ ಇಂಥ ಕಂಚಿನ ಚಿಲ್ಲರೆ ಬೇಕಾದಷ್ಟು ಸಿಗುತ್ತದೆ. ಆದರೂ ಎಲ್ಲಿ ಸಿಕ್ಕಿತು ಅನ್ನುವ ಕಾಗದ ಇಲ್ಲದೆ ನಾನು ಕೊಳ್ಳುವುದಿಲ್ಲ. 1996ರ ಟ್ರೆಷರ್ ಆಕ್ಟ್ ಪ್ರಕಾರ ಒಂದೇ ಜಾಗದಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಇಂಥ ಹಳೆಯ ಕಂಚಿನ ನಾಣ್ಯ ಒಟ್ಟಿಗೆ ಸಿಕ್ಕರೆ ಅದು ನಿಧಿ, ಸರ್ಕಾರಕ್ಕೆ ತಿಳಿಸಲೇಬೇಕು. ನನ್ನ 20 ಬೇರೆ ಬೇರೆ ಹೊಲದಲ್ಲಿ ಒಂದೊಂದಾಗಿ ಸಿಕ್ಕವು. ಪಟ್ಟಿ ಜೊತೆಗಿತ್ತು.

ಇನ್ನು ಸಾಮಾನು. ಡಿಸ್ಟಿಲ್ಡ್ ವಾಟರ್ 5 ಲೀಟರ್, ಕಾರಿನ ಅಂಗಡಿಯದು. ಮಕ್ಕಳ ಮೆತ್ತನೆ ಟೂತ್ ಬ್ರಷ್. ಬಿದಿರಿನ ಹಲ್ಲುಕಡ್ಡಿ ಒಂದು ಡಬ್ಬಿ. ಪೆನ್ಸಿಲ್‌ನಂಥ ಹಿಡಿಗೆ ಸಿಕ್ಕಿಸಿದ ಹೊಲಿಗೆ ಸೂಜಿ. ಸೆಕೆಂಡ್ ಹ್ಯಾಂಡ್ ಸ್ಟೀರಿಯೋ ಮೈಕ್ರೋಸ್ಕೋಪ್, 10 ಪಟ್ಟು ಮತ್ತು 20 ಪಟ್ಟು. ಬಗ್ಗಿಸಲು ಬರುವ ಟೇಬಲ್ ಲ್ಯಾಂಪ್. ಇವುಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಲ್ಯಾಂಪ್. ಬೆಳಕು ಮೇಲಿಂದ ಬಿದ್ದರೆ ಏನೂ ಕಾಣುವುದಿಲ್ಲ. ಪಕ್ಕದಿಂದ, ಸಂಜೆ ಬಿಸಿಲಿನ ಹಾಗೆ ಓರೆಯಾಗಿ ಬಿದ್ದರೆ, ಬರೀ ಮಣ್ಣು ಅಂದುಕೊಂಡ ಕಡೆ ಒಂದು ಮೂಗು ಎದ್ದು ನಿಲ್ಲುತ್ತದೆ.

ಮೊದಲ ಎರಡು ವಾರ

ಸುಮ್ನೆ ನೀರಲ್ಲಿ ನೆನೆಹಾಕುವುದು. ಒಂದೊಂದಕ್ಕೆ ಒಂದೊಂದು ಸಣ್ಣ ಗಾಜಿನ ಬಟ್ಟಲು, ಮೇಲೆ ನಂಬರ್. ದಿನಾ ಬೆಳಿಗ್ಗೆ ನೀರು ಬದಲಿಸುವುದು. ಮೊದಲ ದಿನ ನೀರು ಸ್ಟ್ರಾಂಗ್ ಟೀ ಬಣ್ಣಕ್ಕೆ ತಿರುಗಿತು, ನಾಲ್ಕನೇ ದಿನ ಲೈಟ್ ಟೀ ಆಯಿತು. ನಲ್ಲಿ ನೀರು ಹಾಕಬಾರದು. ಅದರಲ್ಲಿ ಕ್ಲೋರಿನ್ ಇರುತ್ತದೆ, ಕಂಚಿಗೆ ಅದು ಆಗಿಬರುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ, ನನಗೂ ಆಮೇಲೇ ಸರಿಯಾಗಿ ಗೊತ್ತಾಗಿದ್ದು.

ಕೆಲವರು ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಾರೆ. ನಾನು ಆ ಕಡೆ ಹೋಗಲಿಲ್ಲ. ಎಣ್ಣೆಯಲ್ಲಿರುವ ಆಮ್ಲ ನಿಧಾನಕ್ಕೆ ತಾಮ್ರವನ್ನೂ ತಿನ್ನುತ್ತದೆ, ಆಮೇಲೆ ಆ ಜಿಡ್ಡು ತೆಗೆಯುವುದು ಇನ್ನೊಂದು ತಲೆನೋವು.

ಎರಡನೇ ಭಾನುವಾರ ಬ್ರಷ್ ಹಿಡಿದೆ. ಹಸಿ ಮಣ್ಣು ಬಿಟ್ಟುಕೊಂಡಿತು. 6 ನಾಣ್ಯದ ಕೆಳಗೆ ಏನೂ ಇರಲಿಲ್ಲ, ಎರಡೂ ಬದಿ ಸವೆದು ನುಣ್ಣಗಾಗಿದ್ದವು. ಇಂಥ ಕಂತೆಯಲ್ಲಿ ಇದು ಮಾಮೂಲು. ಉಳಿದ 14ರ ಮೇಲೆ ಗಟ್ಟಿ ಕಂದು ಪದರ. ಬ್ರಷ್‌ಗೆ ಅದು ಜಗ್ಗಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಕಿಲುಬಿನ ವಿಷಯ ಹೇಳಬೇಕು. ನಮ್ಮ ಮನೆಗಳಲ್ಲಿ ಕಿಲುಬು ಅಂದರೆ ಶತ್ರು. ಕಿಲುಬು ಹಿಡಿದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟರೆ ವಿಷ, ಅದಕ್ಕೇ ಕಲಾಯಿ ಹಾಕಿಸುತ್ತಿದ್ದದ್ದು. ಆದರೆ ನೆಲದಲ್ಲಿದ್ದ ಕಂಚಿನ ಕಥೆ ಬೇರೆ. ಅಚ್ಚು ಒತ್ತಿದ ಲೋಹದ ಮೇಲ್ಮೈ ನೂರಾರು ವರ್ಷದಲ್ಲಿ ಕಿಲುಬಾಗಿ ಬದಲಾಗಿಬಿಟ್ಟಿರುತ್ತದೆ. ಹೊರಗೆ ಮಣ್ಣು ಬೆರೆತ ಕಂದು ಹೊಪ್ಪಳೆ. ಅದರ ಕೆಳಗೆ ಗಟ್ಟಿಯಾದ, ನಯವಾದ ಹಸಿರು. ಅದಕ್ಕೂ ಕೆಳಗೆ ಕುಂಕುಮದಂಥ ಕೆಂಪು, ಅದು ತಾಮ್ರದ ಆಕ್ಸೈಡ್. ಕೊನೆಗೆ ಲೋಹ. ಚಕ್ರವರ್ತಿಯ ಮೂಗು, ಕಿವಿ, ಅಕ್ಷರ ಎಲ್ಲ ಇರುವುದು ಆ ಹಸಿರು ಪದರದಲ್ಲಿ. ಅದನ್ನು ಉಜ್ಜಿ ತೆಗೆದರೆ ಕೆಳಗಿರುವ ಲೋಹದ ಮೇಲೆ ಆ ಚಿತ್ರದ ಮಸುಕು ನೆರಳೂ ಉಳಿಯುವುದು ಕಷ್ಟ. ಹಸಿರು ಕಂಡಾಗ ಸೂಜಿ ನಿಲ್ಲಬೇಕು. ಕೆಂಪು ಕಂಡರೆ ತಡವಾಯಿತು ಅಂತ ಅರ್ಥ.

ಎಲ್ಲಿ ನಿಲ್ಲಬೇಕು ಅನ್ನುವುದು ಕೈಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಯಾವ ಚಿತ್ರ ಇರಬೇಕು ಅಂತ ಮೊದಲೇ ಗೊತ್ತಿದ್ದರೆ ಮಾತ್ರ.

ನಂಬರ್ 7, ತೋಳ

ಅಗಲ 17 ಮಿಲಿಮೀಟರ್, ತೂಕ 2.3 ಗ್ರಾಂ. ಮೂರನೇ ಭಾನುವಾರ ಮೈಕ್ರೋಸ್ಕೋಪ್ ಕೆಳಗೆ ಇಟ್ಟಾಗ ಹಿಂಬದಿಯ ಮೇಲ್ಭಾಗದಲ್ಲಿ ಎರಡು ಸಣ್ಣ ಗುಬುಟು ಕಂಡವು. ಒಂದರ ಪಕ್ಕ ಒಂದು. ಮಣ್ಣಿನ ಹರಳು ಅಂದುಕೊಂಡು ಸೂಜಿ ಹಾಕಲು ಹೊರಟವನು ಕೈ ಹಿಂದಕ್ಕೆ ತೆಗೆದೆ. ಎರಡೂ ಒಂದೇ ಎತ್ತರದಲ್ಲಿದ್ದವು. ಮಣ್ಣು ಅಷ್ಟು ಅಚ್ಚುಕಟ್ಟಾಗಿ ಅಂಟುವುದಿಲ್ಲ.

ಎರಡು ನಕ್ಷತ್ರ! ಹಾಗಿದ್ದರೆ ಕೆಳಗೆ ತೋಳ ಇರಬೇಕು.

ಸುಮಾರು 330ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ತನ್ನ ಹೊಸ ರಾಜಧಾನಿ ಕಾನ್‌ಸ್ಟಾಂಟಿನೋಪಲ್ ಉದ್ಘಾಟನೆ ಮಾಡಿದ. ಆಗ ಎರಡು ಬಗೆಯ ಕಂಚಿನ ನಾಣ್ಯ ಒಟ್ಟೊಟ್ಟಿಗೆ ಬಂದವು. ಒಂದು ಹೊಸ ಊರಿಗೆ: ಹಡಗಿನ ಮೂತಿಯ ಮೇಲೆ ಕಾಲಿಟ್ಟು ನಿಂತ ರೆಕ್ಕೆಯ ವಿಜಯದೇವತೆ. ಇನ್ನೊಂದು ಹಳೆಯ ಊರಿಗೆ: ಒಂದು ಬದಿ ಶಿರಸ್ತ್ರಾಣ ಹಾಕಿದ ರೋಮಾ ದೇವತೆ, ಸುತ್ತ 'ಉರ್ಬ್ಸ್ ರೋಮಾ', ಅಂದರೆ ರೋಮ್ ನಗರ. ಇನ್ನೊಂದು ಬದಿ ರೋಮ್ ಹುಟ್ಟಿದ ಕಥೆಯ ಅವಳಿ ಮಕ್ಕಳು ರೊಮುಲಸ್ ಮತ್ತು ರೀಮಸ್‌ಗೆ ಹಾಲೂಡಿಸುವ ಹೆಣ್ಣು ತೋಳ, ಮೇಲೆ ಎರಡು ನಕ್ಷತ್ರ. ಚಕ್ರವರ್ತಿಯ ಹೆಸರೇ ಇಲ್ಲ. ಹೊಸ ರಾಜಧಾನಿ ಮಾಡಿದವನು ಹಳೆಯ ಊರಿನವರಿಗೆ ಬೇಜಾರಾಗದಿರಲಿ ಅಂತ ಮಾಡಿದ್ದು ಇದು ಅಂತ ನನ್ನ ಊಹೆ. ಹಿರಿಯ ಹೆಂಡತಿಗೂ ಒಂದು ಸೀರೆ ಕೊಡಿಸಿದ ಹಾಗೆ.

ತೋಳ ಎಡಕ್ಕೆ ಮುಖ ಮಾಡಿ ನಿಂತಿರುತ್ತದೆ, ಕತ್ತು ಮಾತ್ರ ಹಿಂದಕ್ಕೆ ತಿರುಗಿಸಿ ಮಕ್ಕಳನ್ನು ನೋಡುತ್ತಿರುತ್ತದೆ. ಹಾಗಾಗಿ ನಕ್ಷತ್ರದಿಂದ ಒಂದೂವರೆ ಮಿಲಿಮೀಟರ್ ಕೆಳಗೆ ಬೆನ್ನಿನ ಗೆರೆ ಸಿಗಬೇಕು. ಹಲ್ಲುಕಡ್ಡಿ ತುದಿ ಒದ್ದೆ ಮಾಡಿ ಅಲ್ಲಿ ಒತ್ತಿದೆ. ಕೆರೆಯಲಿಲ್ಲ, ಒತ್ತಿ ತಿರುಗಿಸಿದೆ ಅಷ್ಟೇ. ಅರ್ಧ ಗಂಟೆಯ ಮೇಲೆ ಒಂದು ಕಂದು ಚಕ್ಕೆ ತಾನಾಗಿ ಎದ್ದು ಬಂತು. ಕೆಳಗೆ ಕಡು ಹಸಿರು ಕಮಾನು. ಬೆನ್ನು.

ಆಮೇಲಿನ ಕೆಲಸಕ್ಕೆ ಎರಡು ಭಾನುವಾರ ಹಿಡಿಯಿತು. ಬೆನ್ನಿನಿಂದ ಬಾಲಕ್ಕೆ, ಬಾಲದಿಂದ ಹಿಂಗಾಲಿಗೆ. ಹೊಟ್ಟೆಯ ಕೆಳಗೆ ಮಾತ್ರ ಸೂಜಿ ಬಳಸಲು ಭಯವಾಯಿತು, ಅಲ್ಲೇ ಮಕ್ಕಳಿರುವುದು. ಸೂಜಿಯನ್ನು ಚುಚ್ಚುವ ಹಾಗೆ ಹಿಡಿಯಬಾರದು. ಮಲಗಿಸಿ, ಹೊಪ್ಪಳೆಯ ಅಂಚಿನಡಿ ತೂರಿಸಿ ಮೆಲ್ಲಗೆ ಎತ್ತಬೇಕು. ಒಂದು ಮಗುವಿನ ಎತ್ತಿದ ಕೈ ಬಂತು. ಇನ್ನೊಂದು ಮಗು ಸವೆದುಹೋಗಿತ್ತು, ಬರೀ ಉಬ್ಬು. ತೋಳದ ಭುಜದ ಮೇಲೆ ಕೂದಲಿನ ಗೀರುಗಳು ಕಂಡಾಗ ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕೂಗಿ ಕರೆದೆ. ಅಮ್ಮ ಕಣ್ಣಿಟ್ಟು ನೋಡಿ, "ಹಸು ಅಲ್ವಾ?" ಅಂದರು.

ಕೆಳಗಿನ ಗೆರೆಯಡಿ ಟಂಕಸಾಲೆಯ ಗುರುತು: ಟಿ, ಆರ್, ಪಿ. ಟಿ-ಆರ್ ಅಂದರೆ ಟ್ರೆವೆರಿ, ಈಗ ಜರ್ಮನಿಯಲ್ಲಿರುವ ಟ್ರಿಯರ್. ಪಿ ಅಂದರೆ ಅಲ್ಲಿನ ಮೊದಲನೇ ಕಾರ್ಖಾನೆ. ಬ್ರಿಟನ್ನಿನಲ್ಲಿ ಸಿಗುವ ಆ ಕಾಲದ ಚಿಲ್ಲರೆಯಲ್ಲಿ ಟ್ರಿಯರ್‌ನದ್ದು ತುಂಬ.

ಹುಣಸೆಹಣ್ಣು

ಅಮ್ಮ ಮೂರು ತಿಂಗಳಿಗೆ ಅಂತ ಬಂದಿದ್ದರು. ಚಿತ್ರದುರ್ಗದವರು. ನಾನು ವಾರಗಟ್ಟಲೆ ಹಲ್ಲುಕಡ್ಡಿ ಹಿಡಿದು ಕೂರುವುದನ್ನು ನೋಡಿ ಅವರಿಗೆ ಕನಿಕರ. ಒಂದು ದಿನ ನಾನು ಆಫೀಸಿನಿಂದ ಬರುವ ಹೊತ್ತಿಗೆ ಊಟದ ಮೇಜಿನ ಮೇಲೆ ಮೂರು ನಾಣ್ಯ ಪಳಪಳ ಹೊಳೆಯುತ್ತಿದ್ದವು. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. "ಐದು ನಿಮಿಷದ ಕೆಲಸ ಕಣೋ."

ಏನು ಹೇಳಲಿ? ದೇವರ ಮನೆಯ ತಾಮ್ರದ ಚೊಂಬಿಗೆ ಅದೇ ಸರಿಯಾದ ಮದ್ದು. ಹುಣಸೆಯ ಆಮ್ಲ ಕಿಲುಬನ್ನು ಕರಗಿಸುತ್ತದೆ, ಉಪ್ಪು ಅದಕ್ಕೆ ಇನ್ನಷ್ಟು ಚುರುಕು ಕೊಡುತ್ತದೆ. ಚೊಂಬಿನ ಆಕಾರ ಲೋಹದಲ್ಲೇ ಇರುತ್ತದೆ, ಕಿಲುಬು ಹೋದರೆ ನಷ್ಟವಿಲ್ಲ. ನನ್ನ ನಾಣ್ಯದಲ್ಲಿ ಕಿಲುಬೇ ಚಿತ್ರ. ಮೂರೂ ಈಗ ಗುಲಾಬಿ ಬಣ್ಣದ, ಗುಳಿಗುಳಿ ಬಿದ್ದ ತಾಮ್ರದ ಬಿಲ್ಲೆ. ಒಂದರಲ್ಲಿ ಮಾತ್ರ ಒಂದು ಕಿವಿ ಉಳಿದಿತ್ತು.

ಅಮ್ಮನಿಗೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಚಂದ್ರವಳ್ಳಿಲೂ ಇಂಥವೇ ಸಿಕ್ಕಿದ್ವಂತೆ, ಅವನ್ನ ಹೆಂಗೆ ತೊಳೆದರೋ" ಅಂದರು. ಮಾತು ನಿಜ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮಿನ ಅಗಸ್ಟಸ್, ಟೈಬೀರಿಯಸ್ ಕಾಲದ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದದ್ದು ಪ್ರಸಿದ್ಧ. ಆದರೆ ಅವು ದಿನಾರಿ ಅನ್ನುವ ಬೆಳ್ಳಿ ನಾಣ್ಯ, ನನ್ನ ಚಿಲ್ಲರೆಗಿಂತ 300 ವರ್ಷ ಹಳೆಯವು, ವ್ಯಾಪಾರಕ್ಕೆ ಬಂದವು. ಬೆಳ್ಳಿಗೆ ಈ ಹಸಿರು ಗೋಳು ಅಷ್ಟಿಲ್ಲ. ಅಂದಹಾಗೆ, ನಮ್ಮ ಕಡೆ ಯಾರಿಗಾದರೂ ಹೊಲದಲ್ಲಿ ಇಂಥದ್ದು ಸಿಕ್ಕರೆ ತೊಳೆಯುವುದೂ ಬೇಡ, ಮಾರುವುದೂ ಬೇಡ. 1878ರ ನಿಧಿ ಕಾಯ್ದೆ ಇನ್ನೂ ಇದೆ, ಅಧಿಕಾರಿಗಳಿಗೆ ತಿಳಿಸಬೇಕು.

ಮೂರು ವಾರದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಅಮ್ಮ ತೊಳೆದ ನಾಣ್ಯವೊಂದರ ಗುಳಿಯಲ್ಲಿ ತಿಳಿ ಹಸಿರು ಪುಡಿ. ಮೊದಲಿದ್ದ ಗಟ್ಟಿ ಹಸಿರಲ್ಲ ಇದು. ಉಗುರು ತಾಗಿದರೆ ಉದುರುವಂಥದ್ದು. ಇದಕ್ಕೆ ಕಂಚಿನ ರೋಗ ಅನ್ನುತ್ತಾರೆ. ಉಪ್ಪಿನ ಕ್ಲೋರೈಡ್ ಲೋಹದ ಪಕ್ಕ ಹೋಗಿ ಕೂರುತ್ತದೆ. ಗಾಳಿಯ ತೇವ ತಾಗಿದ ಕೂಡಲೇ ಅದು ಹಸಿರು ಪುಡಿಯಾಗುತ್ತದೆ, ಜೊತೆಗೆ ಆಮ್ಲವನ್ನೂ ಬಿಡುತ್ತದೆ. ಆ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ. ಗೆದ್ದಲಿನ ಹಾಗೆ, ಒಳಗೊಳಗೇ. ನೆಲದ ಉಪ್ಪಿನಿಂದಲೂ ಇದು ಬರುತ್ತದೆ, ನಾವು ಕೈಯಾರೆ ತಂದುಕೊಂಡೆವು ಅಷ್ಟೇ.

ಮಾಡಿದ್ದು ಇಷ್ಟು. ಪುಡಿಯನ್ನು ಸೂಜಿಯಿಂದ ಪೂರ್ತಿ ಕೆದಕಿ ತೆಗೆದೆ. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 28 ಗ್ರಾಂ ಸೋಡಿಯಂ ಕಾರ್ಬೊನೇಟ್, 22 ಗ್ರಾಂ ಅಡುಗೆ ಸೋಡಾ ಬೆರೆಸಿದೆ. ಒಟ್ಟು ಸುಮಾರು ಶೇ. 5ರ ದ್ರಾವಣ, ಸೆಸ್ಕ್ವಿಕಾರ್ಬೊನೇಟ್ ಅನ್ನುತ್ತಾರೆ. ಒಂದು ಎಚ್ಚರ: ಅಂಗಡಿಯ ವಾಷಿಂಗ್ ಸೋಡಾ ಹರಳಿನ ರೂಪದಲ್ಲಿದ್ದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ, ಲೆಕ್ಕ ತಪ್ಪುತ್ತದೆ. ನೀರಿಲ್ಲದ ಪುಡಿ ತೆಗೆದುಕೊಳ್ಳಬೇಕು. ಮೂರು ನಾಣ್ಯವನ್ನೂ ಅದರಲ್ಲಿ ಹಾಕಿ ವಾರಕ್ಕೊಮ್ಮೆ ದ್ರಾವಣ ಬದಲಿಸಿದೆ, ಐದು ವಾರ. ಇದು ಚೆನ್ನಾಗಿರುವ ನಾಣ್ಯದ ಬಣ್ಣವನ್ನು ಕೆಡಿಸಬಹುದು, ಅದಕ್ಕೇ ಉಳಿದವನ್ನು ಇದರ ಹತ್ತಿರ ಸುಳಿಸಲಿಲ್ಲ. ಬೆಂಜೋಟ್ರೈಅಜೋಲ್ ಅನ್ನುವ ಮದ್ದನ್ನು ಮ್ಯೂಸಿಯಂನವರು ಬಳಸುತ್ತಾರೆ, ಆದರೆ ಅದು ಮೈಗೆ ಒಳ್ಳೆಯದಲ್ಲ. ಅನ್ನ ಮಾಡುವ ಮನೆಯಲ್ಲಿ ನನಗೆ ಬೇಡವೆನಿಸಿತು.

ಸೋಲದ ಸೂರ್ಯ

ನಂಬರ್ 12 ಎಲ್ಲಕ್ಕಿಂತ ದೊಡ್ಡದು, 21 ಮಿಲಿಮೀಟರ್. ಬ್ರಷ್ ಹಾಕುವಾಗಲೇ ಅಂಚಿನಲ್ಲಿ ಬೂದು ಹೊಳಪು ಕಂಡಿತ್ತು. ಆ ಕಾಲದ ಕಂಚಿನ ಮೇಲೆ ತೆಳ್ಳಗೆ ಬೆಳ್ಳಿ ಹಚ್ಚುತ್ತಿದ್ದರು, ಚಿಲ್ಲರೆಗೂ ಸ್ವಲ್ಪ ಮರ್ಯಾದೆ ಇರಲಿ ಅಂತ. ಇದರಲ್ಲಿ ಅದು ಅಲ್ಲಲ್ಲಿ ಉಳಿದಿತ್ತು. ಹಾಗಾಗಿ ಸೂಜಿ ಬಂದ್. ಬರೀ ಹಲ್ಲುಕಡ್ಡಿ.

ಹಿಂಬದಿಯಲ್ಲಿ ನಿಂತ ಒಬ್ಬ ಯುವಕ, ಹೆಗಲ ಮೇಲೆ ಬಟ್ಟೆಯ ತುಂಡು ಬಿಟ್ಟರೆ ಮೈಮೇಲೆ ಏನೂ ಇಲ್ಲ. ಬಲಗೈ ಎತ್ತಿದ್ದಾನೆ, ಎಡಗೈಯಲ್ಲಿ ಭೂಗೋಲ. ತಲೆಯ ಸುತ್ತ ಕಿರಣ. ಸೂರ್ಯದೇವ ಸೋಲ್. ಸುತ್ತಲಿನ ಬರಹ 'ಸೋಲಿ ಇನ್ವಿಕ್ಟೊ ಕೊಮಿಟಿ'. ಸೋಲದ ಸೂರ್ಯನಿಗೆ, ಚಕ್ರವರ್ತಿಯ ಜೊತೆಗಾರನಿಗೆ ಅಂತ ಅರ್ಥ. ಲ್ಯಾಟಿನ್‌ನಲ್ಲಿ ಸೂರ್ಯನ ಹೆಸರು ಸೋಲ್, ಬಿರುದು ಸೋಲದವನು. ಕನ್ನಡದವರಿಗೆ ಮಾತ್ರ ಸಿಗುವ ತಮಾಷೆ ಇದು.

ತಲೆಯ ಬದಿ ಕಾನ್‌ಸ್ಟಂಟೈನ್. ಕ್ರೈಸ್ತರಿಗೆ ಬೆಂಬಲ ಕೊಟ್ಟ ಚಕ್ರವರ್ತಿ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅವನೇ. ಬೆಂಬಲ ಕೊಟ್ಟ ಮೇಲೂ ಕೆಲವು ವರ್ಷ ಅವನ ನಾಣ್ಯದಲ್ಲಿ ಸೂರ್ಯ ಮುಂದುವರಿದ. 321ರಲ್ಲಿ ಸೂರ್ಯನ ದಿನ ಕೋರ್ಟು, ಕಸುಬು ಬಂದ್ ಇರಬೇಕು ಅಂತ ಆಜ್ಞೆ ಮಾಡಿದವನೂ ಇವನೇ. ನಾನು ಇದನ್ನು ತೊಳೆಯುತ್ತಿದ್ದದ್ದು ಭಾನುವಾರದ ರಜೆಯಲ್ಲಿ. ಒಂದು ನಿಮಿಷ ಕಡ್ಡಿ ಕೆಳಗಿಟ್ಟು ನಕ್ಕೆ.

ಕೆಳಗಿನ ಗುರುತು ಪಿ-ಎಲ್-ಎನ್. ಲಂಡನ್! ಅಲ್ಲಿನ ಟಂಕಸಾಲೆ 325ರಲ್ಲಿ ಮುಚ್ಚಿತು. ಕಂತೆಯಲ್ಲಿ ಇದೊಂದೇ ಲಂಡನ್ನಿನದು. ಇದನ್ನು ತೊಳೆಯುವಾಗಲೇ ಕೈ ತಪ್ಪಿದ್ದೂ ಆಯಿತು. ತಲೆಯ ಬದಿಯ ಬರಹದ ಕೊನೆಯ ಅಕ್ಷರಕ್ಕೆ ಅಂತ, 'ಇದೊಂದಕ್ಕೆ ಇರಲಿ' ಎಂದು ಮತ್ತೆ ಸೂಜಿ ತೆಗೆದುಕೊಂಡೆ. ಸೂಜಿ ಜಾರಿತು. ಚಕ್ರವರ್ತಿಯ ಕೆನ್ನೆಯ ಮೇಲೆ ಎರಡು ಮಿಲಿಮೀಟರ್ ಗೀರು, ಒಳಗೆ ಕೆಂಪು ಕಾಣುತ್ತದೆ. ಅಮ್ಮನಿಗೆ ನೀತಿ ಹೇಳಿದವನು ನಾನು.

ಸೈನಿಕರು, ಮತ್ತೆ ನಾಯಿಯಂಥ ಕುದುರೆ

ಗುರುತು ಸಿಕ್ಕ 9ರಲ್ಲಿ 4 'ಗ್ಲೋರಿಯಾ ಎಕ್ಸರ್ಸಿಟಸ್', ಸೇನೆಯ ವೈಭವ. ಇಬ್ಬರು ಸೈನಿಕರು ಈಟಿ ಗುರಾಣಿ ಹಿಡಿದು ಎದುರುಬದುರು ನಿಂತಿರುತ್ತಾರೆ, ಮಧ್ಯೆ ಸೇನೆಯ ಧ್ವಜ. ಇದನ್ನು ತೊಳೆಯುವಾಗ ಧ್ವಜ ಎಣಿಸಬೇಕು. ಎರಡಿದ್ದರೆ 330ರಿಂದ 335ರ ನಡುವಿನದು. 335ರ ಸುಮಾರಿಗೆ ನಾಣ್ಯದ ತೂಕ ಇಳಿಸಿದರು, ಬಿಲ್ಲೆ ಚಿಕ್ಕದಾಯಿತು, ಧ್ವಜ ಒಂದಾಯಿತು. ಸೈನಿಕರು ಮಾತ್ರ ಇಬ್ಬರೇ. ಹೋಟೆಲಿನಲ್ಲಿ ದೋಸೆ ಚಿಕ್ಕದಾಗುತ್ತಾ ಬಂದರೂ ಬಾಳೆಲೆ ಅಷ್ಟೇ ದೊಡ್ಡದಿರುತ್ತದಲ್ಲ, ಹಾಗೆ. ನನ್ನಲ್ಲಿ ಒಂದಕ್ಕೆ ಎರಡು ಧ್ವಜ, ಮೂರಕ್ಕೆ ಒಂದು.

ಎರಡು ನಾಣ್ಯ ಮುಂದಿನ ಪೀಳಿಗೆಯವು, ಚಕ್ರವರ್ತಿ ಸೆರೆಯಾಳನ್ನು ಕೂದಲು ಹಿಡಿದು ಎಳೆಯುವ ಚಿತ್ರ. ನೋಡಲು ಖುಷಿ ಕೊಡುವಂಥದ್ದಲ್ಲ.

ನನಗೆ ತೋಳಕ್ಕಿಂತ ಜಾಸ್ತಿ ಇಷ್ಟವಾದದ್ದು ನಂಬರ್ 3. ಬರೀ 14 ಮಿಲಿಮೀಟರ್, 1.3 ಗ್ರಾಂ. ಇದರ ಮೂಲ ಚಿತ್ರ 348ರಲ್ಲಿ ಬಂದದ್ದು, 'ಫೆಲ್ ಟೆಂಪ್ ರೆಪರಾಷಿಯೊ', ಒಳ್ಳೆಯ ಕಾಲ ಮರಳಿತು ಅಂತ. ರೋಮ್ ಹುಟ್ಟಿ 1100 ವರ್ಷ ಅಂತ ಲೆಕ್ಕ ಹಾಕುತ್ತಿದ್ದ ಕಾಲ. ಒಬ್ಬ ಸೈನಿಕ, ಕುಸಿದ ಕುದುರೆಯ ಮೇಲಿನ ಶತ್ರುವಿಗೆ ಈಟಿ ಚುಚ್ಚುತ್ತಾನೆ. ಅವನು ಹಿಂದಕ್ಕೆ ತಿರುಗಿ ಕೈ ಚಾಚುತ್ತಾನೆ. ಒಳ್ಳೆಯ ಕಾಲದ ಜಾಹೀರಾತಿಗೆ ಇದೇ ಚಿತ್ರ ಬೇಕಿತ್ತೇ?

ಇದನ್ನು ತೊಳೆಯುವಾಗ ನನಗೆ ತಲೆ ಕೆಟ್ಟಿತು. ಕುದುರೆ ಇರಬೇಕಾದ ಕಡೆ ಕಡ್ಡಿ ಹಾಕಿದರೆ ನಾಯಿಯಂಥದ್ದೇನೋ ಬಂತು. ಸೈನಿಕನ ಕಾಲು ಎರಡು ಕಡ್ಡಿ. ಅಕ್ಷರ ಇರಬೇಕಾದ ಕಡೆ ಬರೀ ನೇರ ಗೀಟು, ಅರ್ಧ ಚಂದ್ರ. ಎಲ್ಲೋ ನಾನೇ ಜಾಸ್ತಿ ಕೆರೆದು ಹಾಳು ಮಾಡಿದೆನೇನೋ ಅಂತ ಎರಡು ದಿನ ಮುಟ್ಟಲಿಲ್ಲ. ಹಸಿರು ಪದರ ನೋಡಿದರೆ ನಯವಾಗಿದೆ, ಎಲ್ಲೂ ಕೆಂಪಿಲ್ಲ. ಆಮೇಲೆ ಹೊಳೆಯಿತು: ಇದು ನಕಲಿ. ಈಗಿನ ನಕಲಿ ಅಲ್ಲ, ಆಗಿನದೇ. 350ರಲ್ಲಿ ಮ್ಯಾಗ್ನೆಂಷಿಯಸ್ ಅನ್ನುವವನು ದಂಗೆಯೆದ್ದ, 353ರಲ್ಲಿ ಸೋತು ಸತ್ತ. ಆಮೇಲಿನ ವರ್ಷಗಳಲ್ಲಿ ಬ್ರಿಟನ್ನಿಗೆ ಹೊಸ ಚಿಲ್ಲರೆ ಸರಿಯಾಗಿ ಬರಲಿಲ್ಲ. ಸಂತೆಯಲ್ಲಿ ವ್ಯವಹಾರ ನಡೆಯಬೇಕಲ್ಲ? ಜನ ತಾವೇ ಅಚ್ಚು ಕೆತ್ತಿ ಹೊಡೆದುಕೊಂಡರು. ಈ ಅಚ್ಚು ಕೆತ್ತಿದವನಿಗೆ ಓದು ಬರುತ್ತಿರಲಿಲ್ಲ ಅನ್ನಿಸುತ್ತದೆ. ಅಕ್ಷರ ಅವನಿಗೆ ಅಂಚಿನ ರಂಗೋಲಿ. ಕುದುರೆಯನ್ನು ಮಾತ್ರ ಅವನು ಕಣ್ಣಾರೆ ಕಂಡಿರಲೇಬೇಕು, ಆದರೂ ನಾಯಿ ಮಾಡಿದ್ದಾನೆ. ಇಲ್ಲಿ ನನ್ನ ಚಿತ್ರದ ಜ್ಞಾನವೇ ನನಗೆ ಅಡ್ಡ ಬಂದದ್ದು. ಇರಬೇಕಾದ ಕುದುರೆಗಾಗಿ ಇನ್ನೊಂದು ಗಂಟೆ ಕೆದಕಿದ್ದರೆ ಇದ್ದ ನಾಯಿಯೂ ಹೋಗುತ್ತಿತ್ತು.

ಮೇಣ

ಮುಗಿದ 9 ನಾಣ್ಯವನ್ನು ಮತ್ತೆ ಎರಡು ದಿನ ಡಿಸ್ಟಿಲ್ಡ್ ನೀರಲ್ಲಿಟ್ಟು, ಕಿಟಕಿ ತೆಗೆದಿಟ್ಟುಕೊಂಡು ಅಸಿಟೋನ್‌ನಲ್ಲಿ ಅದ್ದಿ, ದೀಪದಡಿ ಒಣಗಿಸಿದೆ. ಮೇಲೆ ರಿನೈಸಾನ್ಸ್ ವ್ಯಾಕ್ಸ್, ಕಾಳುಮೆಣಸಿನಷ್ಟು, ಹಳೆಯ ಹತ್ತಿ ಬನಿಯನ್ ಬಟ್ಟೆಯಲ್ಲಿ. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನವರು ತಮ್ಮ ವಸ್ತುಗಳಿಗೇ ಅಂತ ಮಾಡಿಕೊಂಡ ಮೇಣ ಇದು. ಮೇಣ ಹಚ್ಚಿದ ಕೂಡಲೇ ಹಸಿರಿಗೆ ಆಳ ಬರುತ್ತದೆ, ಮಳೆ ಬಿದ್ದ ಮೇಲಿನ ಎಲೆಯ ಹಾಗೆ. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿದೆ.

ಹುಣಸೆಹಣ್ಣಿನ ಮೂರನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎರಡು ದಿನ ಒದ್ದೆ ಹತ್ತಿಯ ಜೊತೆ ಮುಚ್ಚಿಟ್ಟು ಪರೀಕ್ಷೆ ಮಾಡಿದೆ, ತೇವ ತಾಗಿದರೂ ಪುಡಿ ಏಳಲಿಲ್ಲ. ಗುಲಾಬಿ ಬಣ್ಣ ಆಗಲೇ ಕಂದಾಗುತ್ತಿದೆ. ಊರಿಂದ ಫೋನ್ ಮಾಡಿದಾಗಲೆಲ್ಲ ಅಮ್ಮ ಆ ಒಂದು ಕಿವಿಯ ನಾಣ್ಯದ ಬಗ್ಗೆ ಕೇಳುತ್ತಾರೆ.

ಎರಡು ನಾಣ್ಯ ಇನ್ನೂ ನೀರಲ್ಲೇ ಇವೆ, ನಂಬರ್ 15 ಮತ್ತು 19. ಹೊಪ್ಪಳೆ ಕಲ್ಲಿನ ಹಾಗಿದೆ. ಇವತ್ತು ಬೆಳಿಗ್ಗೆ 19ರ ನೀರು ಮತ್ತೆ ತಿಳಿ ಹಳದಿಯಾಗಿತ್ತು. ಚೆಲ್ಲಿ, ಹೊಸ ನೀರು ಹಾಕಿದ್ದೇನೆ.